ಬೆಸೆದ ಕೋಶ ಮತ್ತು ತಾಲ್ಲೂಕು ಆಸ್ಪತ್ರೆ

ಕೆಲವು ವರ್ಷಗಳ ಹಿಂದೆ ನನ್ನ ತಂಗಿಯ ಮಗನ ಕೆನ್ನೆಗೆ ಬೀದಿನಾಯಿ ಕಚ್ಚಿತು. ತಾಲ್ಲೂಕು ಆಸ್ಪತ್ರೆಯಲ್ಲಿ ಲಸಿಕೆಯಿತ್ತು. ಗಾಯದೊಳಗೇ ಚುಚ್ಚಬೇಕಾದ ಇಮ್ಯುನೊಗ್ಲೋಬ್ಯುಲಿನ್ ಇರಲಿಲ್ಲ. ಬಾಡಿಗೆ ಕಾರು ಹಿಡಿದು ಆ ರಾತ್ರಿಯೇ ಬೆಂಗಳೂರಿಗೆ ಬಂದೆವು. ಹುಡುಗ ಉಳಿದ. ಕಾರಿಗೆ ದುಡ್ಡಿಲ್ಲದವರ ಮಗುವಾಗಿದ್ದರೆ? ಈ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತಿದೆ.

ಲಸಿಕೆ ಪಡೆದ ದೇಹ ತನ್ನದೇ ಪ್ರತಿಕಾಯಗಳನ್ನು ರೂಪಿಸಿಕೊಳ್ಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಹೊರಗಿನಿಂದ ಕೊಡುವ ಸಿದ್ಧ ಪ್ರತಿಕಾಯ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ದಶಕಗಳಿಂದ ಈ ಪ್ರತಿಕಾಯವನ್ನು ಕುದುರೆಯ ಅಥವಾ ಲಸಿಕೆ ಪಡೆದ ದಾನಿಗಳ ರಕ್ತದಿಂದ ಬೇರ್ಪಡಿಸಲಾಗುತ್ತಿದೆ. ಮೊದಲನೆಯದರಲ್ಲಿ ಅಲರ್ಜಿಯ ಭಯ. ಎರಡನೆಯದು ದುಬಾರಿ, ವಿರಳ.

ಇನ್ನೊಂದು ದಾರಿ ತೆರೆದದ್ದು 1975ರಲ್ಲಿ, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ. ಪ್ರತಿಕಾಯ ತಯಾರಿಸುವ ಬಿ-ಕೋಶ ದೇಹದ ಹೊರಗೆ ಕೆಲವೇ ದಿನ ಬದುಕುತ್ತದೆ. ಮಯಲೋಮಾ ಎಂಬ ಕ್ಯಾನ್ಸರ್ ಕೋಶವಾದರೋ ಪ್ರಯೋಗಾಲಯದಲ್ಲಿ ಅಮರ. ಸೀಸರ್ ಮಿಲ್‌ಸ್ಟೈನ್ ಮತ್ತು ಜಾರ್ಜ್ ಕೋಲರ್ ಇಲಿಯ ಇವೆರಡು ಕೋಶಗಳನ್ನು ಬೆಸೆದರು. ಒಂದರ ವಿದ್ಯೆ, ಇನ್ನೊಂದರ ಆಯುಸ್ಸು ಕೂಡಿ ಹೈಬ್ರಿಡೋಮಾ ಹುಟ್ಟಿತು. 1984ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಆ ವಿಧಾನಕ್ಕೆ ಪೇಟೆಂಟ್ ಪಡೆಯಲಿಲ್ಲವೆಂಬುದು ಗಮನಾರ್ಹ.

ಆದರೆ ಇಲಿಯ ಪ್ರತಿಕಾಯವನ್ನು ನಮ್ಮ ದೇಹ ಪರಕೀಯವೆಂದು ತಿರಸ್ಕರಿಸಬಹುದು. 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಲೆನಾರ್ಟ್ ಓಲ್ಸನ್ ಮತ್ತು ಹೆನ್ರಿ ಕ್ಯಾಪ್ಲನ್ ಮನುಷ್ಯನ ಕೋಶವನ್ನು ಮನುಷ್ಯನದೇ ಮಯಲೋಮಾ ಕೋಶಕ್ಕೆ ಬೆಸೆದರು. ಆದರೂ ಅಂಥ ಬೆಸುಗೆ ಸುಲಭವಾಗಿ ಕೈಗೂಡುವುದಿಲ್ಲ. ಇಲಿಯ ಮಯಲೋಮಾಕ್ಕೆ ಬೆಸೆದರೆ ಮಾನವ ವರ್ಣತಂತುಗಳು ಕ್ರಮೇಣ ಕಳಚಿಹೋಗುತ್ತವೆ. ಹೀಗಾಗಿ ವಿಜ್ಞಾನಿಗಳು ಮಾನವ ಪ್ರತಿಕಾಯದ ಜೀನ್‌ಗಳನ್ನೇ ಇಲಿಗೆ ಸೇರಿಸಿ, ಆ ಇಲಿಯ ಕೋಶಗಳನ್ನು ಬೆಸೆಯುವ ಮಾರ್ಗ ಹಿಡಿದರು. ಹಾಗೆ ದೊರೆತ ರೇಬಿಸ್ ಪ್ರತಿಕಾಯವೊಂದನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸಂಸ್ಥೆಯೊಂದಿಗೆ ಅಭಿವೃದ್ಧಿಪಡಿಸಿ ನಮ್ಮ ದೇಶದ ಮಾರುಕಟ್ಟೆಗೆ ತಂದಿತು. ಇಂಥ ಪ್ರತಿಕಾಯಗಳ ಬಳಕೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬೆಂಬಲವೂ ದೊರೆಯಿತು.

ಕುದುರೆಯನ್ನೂ ದಾನಿಯನ್ನೂ ಕಾಯದೆ ಕಾರ್ಖಾನೆಯಲ್ಲಿ ಬೇಕಾದಷ್ಟು ತಯಾರಿಸಬಹುದಾದ ಮದ್ದು ಇದು. ಪ್ರಯೋಗಾಲಯ ತನ್ನ ಪಾಲಿನ ಕೆಲಸ ಮುಗಿಸಿದೆ. ಉಳಿದಿರುವುದು ಆಡಳಿತದ ಪಾಲು. ನಾಯಿಕಡಿತದ ಲಸಿಕೆಯಿರುವ ಪ್ರತಿ ತಾಲ್ಲೂಕು ಆಸ್ಪತ್ರೆಯ ಶೈತ್ಯಪೆಟ್ಟಿಗೆಯಲ್ಲೂ ಅದರ ಪಕ್ಕದಲ್ಲೇ ಪ್ರತಿಕಾಯದ ಸೀಸೆಯೂ ಇರಬೇಕು, ಉಚಿತವಾಗಿ ಸಿಗಬೇಕು. ಕಚ್ಚುವ ನಾಯಿ ಮಗುವಿನ ಅಪ್ಪನ ಸಂಬಳ ಕೇಳುವುದಿಲ್ಲ, ಆಸ್ಪತ್ರೆಯೂ ಕೇಳಬಾರದು.