ಪೌರನ ಅಧಿಕಾರವೂ ಪೌರನ ಅರಿವೂ: ಹಡಪಸರದ ನಿದರ್ಶನ

ಪುಣೆ ನಗರದ ಪೂರ್ವ ಭಾಗದಲ್ಲಿ, ಸೊಲ್ಲಾಪುರದ ಹೆದ್ದಾರಿಯ ಮೇಲಿರುವ ಹಡಪಸರವು ವಿಜಯಪುರ, ಕಲಬುರಗಿಗಳ ಕಡೆಯಿಂದ ಆ ಮಾರ್ಗವಾಗಿ ಬರುವ ಕನ್ನಡಿಗನಿಗೆ ನಗರದ ಹೆಬ್ಬಾಗಿಲಿನಂತಿದೆ. ಹಿಂದೆ ಹೊಲ ತೋಟಗಳ ಹಳ್ಳಿಯಾಗಿದ್ದ ಆ ಸ್ಥಳವು ಇಂದು ಕಾರ್ಖಾನೆಗಳಿಂದಲೂ ಮಾಹಿತಿ ತಂತ್ರಜ್ಞಾನದ ಕಚೇರಿಗಳಿಂದಲೂ ಬಹು ಅಂತಸ್ತಿನ ವಸತಿಗಳಿಂದಲೂ ತುಂಬಿದೆ. ಅಲ್ಲಿ ಬಂದು ನೆಲಸಿದವನು ತೆರಿಗೆ ಸಲ್ಲಿಸುತ್ತಾನೆ; ನಲ್ಲಿಯ ನೀರಿಗೆ ಕಾಯುತ್ತಾನೆ; ಹದಗೆಟ್ಟ ರಸ್ತೆಯನ್ನು ಕಂಡು ಬೇಸರಪಡುತ್ತಾನೆ. ಆದರೆ ಆ ರಸ್ತೆಗೆ ಹಣ ಒದಗಿಸುವ ನಿರ್ಣಯವನ್ನು ಯಾರು, ಯಾವ ತಿಂಗಳಲ್ಲಿ, ಯಾವ ಕ್ರಮದಿಂದ ಕೈಗೊಳ್ಳುತ್ತಾರೆಂಬುದನ್ನು ತಿಳಿದವರು ವಿರಳ. ಪ್ರಜಾಪ್ರಭುತ್ವದಲ್ಲಿ ಪೌರನ ಸಹಭಾಗದ ಪ್ರಶ್ನೆಯು ಅಧಿಕಾರದ ಪ್ರಶ್ನೆಯಾಗಿರುವಂತೆಯೇ ಅರಿವಿನ ಪ್ರಶ್ನೆಯೂ ಆಗಿದೆಯೆಂಬುದಕ್ಕೆ ಹಡಪಸರವು ಒಳ್ಳೆಯ ನಿದರ್ಶನ.

ಮೊದಲು ಸಂವಿಧಾನದ ಏರ್ಪಾಡನ್ನು ನೋಡಬೇಕು. 1992ರಲ್ಲಿ ಅಂಗೀಕಾರವಾಗಿ 1993ರಲ್ಲಿ ಜಾರಿಗೆ ಬಂದ 73 ಮತ್ತು 74ನೆಯ ತಿದ್ದುಪಡಿಗಳು ಕ್ರಮವಾಗಿ ಗ್ರಾಮಗಳ ಮತ್ತು ನಗರಗಳ ಸ್ಥಳೀಯ ಆಡಳಿತಕ್ಕೆ ಸಾಂವಿಧಾನಿಕ ಸ್ಥಾನವನ್ನು ಕೊಟ್ಟವು. ಆದರೆ ಇವೆರಡರ ನಡುವೆ ಒಂದು ಗಣನೀಯವಾದ ಭೇದವುಂಟು. ಹಳ್ಳಿಗೆ ದೊರೆತದ್ದು ಗ್ರಾಮಸಭೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬನೂ ಅದರ ಸದಸ್ಯನೇ. ಅವನನ್ನು ಯಾರೂ ಚುನಾಯಿಸಬೇಕಾಗಿಲ್ಲ. ನಗರಕ್ಕೆ ದೊರೆತದ್ದು ವಾರ್ಡು ಸಮಿತಿ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಜನಸಂಖ್ಯೆಯ ನಗರಗಳಲ್ಲಿ ಅದು ಇರಬೇಕೆಂದು 243ಎಸ್ ವಿಧಿ ಹೇಳುತ್ತದೆ. ಅದರ ರಚನೆಯನ್ನು ಮಾತ್ರ ರಾಜ್ಯದ ಶಾಸನಸಭೆಗೆ ಬಿಟ್ಟಿದೆ. ಅಬ್ದುಲ್ ನಜೀರ್ ಸಾಬರ ಕಾಲದಲ್ಲಿ, 1987ರ ಮಂಡಲ ಪಂಚಾಯಿತಿ ಚುನಾವಣೆಗಳೊಡನೆ ವಿಕೇಂದ್ರೀಕರಣದ ದೊಡ್ಡ ಪ್ರಯೋಗವನ್ನು ಕಂಡ ಕರ್ನಾಟಕದಿಂದ ಹೊರಟು ಹಡಪಸರಕ್ಕೆ ಬರುವ ಹಳ್ಳಿಗನು ತನ್ನ ಹೊಲಮನೆಯೊಂದಿಗೆ, ತಾನು ಎದ್ದುನಿಂತು ಪ್ರಶ್ನೆ ಕೇಳಬಹುದಾಗಿದ್ದ ಒಂದು ಸಭೆಯನ್ನೂ ಹಿಂದೆ ಬಿಟ್ಟು ಬರುತ್ತಾನೆಂದು ಹೇಳಬಹುದು.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಯತ್ನವು ಪುಣೆಯಲ್ಲಿ ನಡೆದಿದೆ. 2006ರಲ್ಲಿ ಪುಣೆ ಮಹಾನಗರಪಾಲಿಕೆಯು ಆಯವ್ಯಯ ಪತ್ರದ ತಯಾರಿಕೆಯಲ್ಲಿ ನಾಗರಿಕರ ಸಹಭಾಗಕ್ಕೆ ಎಡೆಮಾಡಿಕೊಟ್ಟಿತು. ಇದರಂತೆ ಯಾವ ನಿವಾಸಿಯಾದರೂ ತನ್ನ ಪ್ರದೇಶಕ್ಕೆ ಅವಶ್ಯವಾದ ಸಣ್ಣ ಕಾಮಗಾರಿಯನ್ನು ಲಿಖಿತವಾಗಿ ಸೂಚಿಸಬಹುದು. ಕಾಲುದಾರಿ, ಬೀದಿದೀಪ, ಬಸ್ಸಿನ ತಂಗುದಾಣ, ಸಾರ್ವಜನಿಕ ಶೌಚಾಲಯ ಮೊದಲಾದುವು ಇಂಥ ಕಾಮಗಾರಿಗಳು. ಒಂದೊಂದು ಕಾಮಗಾರಿಯ ವೆಚ್ಚಕ್ಕೆ ಐದು ಲಕ್ಷ ರೂಪಾಯಿಗಳ ಮಿತಿಯನ್ನು ಇಡಲಾಯಿತು. ಹಡಪಸರದವರು ಸೂಚನೆಯನ್ನು ಕೊಡಬೇಕಾದುದು ಹಡಪಸರ–ಮುಂಢವಾ ಕ್ಷೇತ್ರೀಯ ಕಚೇರಿಗೆ.

ಇಲ್ಲಿ ಕಾಲಕ್ರಮವನ್ನು ಅರಿಯುವುದು ಮುಖ್ಯ. ಲೆಕ್ಕದ ವರ್ಷವು ಏಪ್ರಿಲ್ 1ರಂದು ಆರಂಭವಾಗುತ್ತದೆ. ಅದಕ್ಕೂ ಮುನ್ನ ಆಯುಕ್ತರು ಅಂದಾಜನ್ನು ಸಿದ್ಧಪಡಿಸಬೇಕು, ಸ್ಥಾಯಿ ಸಮಿತಿಯು ಅದನ್ನು ಪರಿಶೀಲಿಸಬೇಕು, ಸಾಮಾನ್ಯ ಸಭೆಯು ಮಂಜೂರು ಮಾಡಬೇಕು. ಇವೆಲ್ಲಕ್ಕೂ ಮೊದಲು ಇಂಜಿನಿಯರರು ಸೂಚಿತ ಸ್ಥಳವನ್ನು ನೋಡಿ, ಕೆಲಸ ಸಾಧ್ಯವೇ, ಖರ್ಚು ಎಷ್ಟು ಎಂದು ನಿರ್ಧರಿಸಬೇಕು. ಆದುದರಿಂದಲೇ ಸೂಚನೆಗಳನ್ನು ಹಿಂದಿನ ವರ್ಷದ ಮಳೆಗಾಲದಲ್ಲಿಯೇ ಆಹ್ವಾನಿಸುವುದು ವಾಡಿಕೆ. ರಸ್ತೆಯ ಗುಂಡಿಯನ್ನು ಕಂಡು ಮಾರ್ಚಿಯಲ್ಲಿ ಮನವಿ ಬರೆಯುವವನ ಬೇಡಿಕೆ ಎಷ್ಟೇ ನ್ಯಾಯವಾದುದಾದರೂ ಹೊತ್ತು ಮೀರಿ ಬಂದುದಾಗುತ್ತದೆ. ಖಾತೆ ಮುಗಿದ ಮೇಲೆ ಬಂದ ಚೀಟಿಯು ಮುಂದಿನ ವರ್ಷದ ಪುಸ್ತಕಕ್ಕೆ ಹೋಗುವಂತೆ ಅದೂ ಹೋಗುತ್ತದೆ.

ಈ ಪದ್ಧತಿಯ ಮಿತಿಯನ್ನೂ ಹೇಳಬೇಕು. ಇದರಲ್ಲಿ ಪೌರನು ಒಬ್ಬಂಟಿಯಾಗಿ ಒಂದು ಕಾಗದವನ್ನು ತುಂಬುತ್ತಾನೆ. ನೆರೆಯವನ ಕಾಗದದಲ್ಲಿ ಏನಿದೆಯೆಂಬುದನ್ನು ಅವನು ಕಾಣನು. ಇಂಥ ಆಯವ್ಯಯ ವಿಧಾನಕ್ಕೆ 1989ರಲ್ಲಿ ಮೊದಲಿಟ್ಟ ಬ್ರೆಜಿಲ್ ದೇಶದ ಪೋರ್ತೊ ಅಲೆಗ್ರೆ ನಗರದಲ್ಲಿ ಹೀಗಿರಲಿಲ್ಲ. ಅಲ್ಲಿ ಒಂದೊಂದು ಭಾಗದ ಜನರು ಸಭೆ ಸೇರಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚರ್ಚಿಸುತ್ತಿದ್ದರು. ನಮ್ಮ ನೆರೆಯ ಕೇರಳವು 1996ರಲ್ಲಿ ಜನಯೋಜನೆಯ ಆಂದೋಲನವನ್ನು ಕೈಗೊಂಡಾಗ ಯೋಜನಾವೆಚ್ಚದ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಒಪ್ಪಿಸಿತು. ಹಣದಷ್ಟೇ ಮಹತ್ವದ ಇನ್ನೊಂದು ಸಂಗತಿಯೆಂದರೆ, ಸಾವಿರಾರು ಜನರಿಗೆ ತರಬೇತಿ ಕೊಟ್ಟು, ಪಂಚಾಯಿತಿಗಳು ತಮ್ಮ ನೆಲ, ನೀರು, ಶಾಲೆಗಳ ಸ್ಥಿತಿಯನ್ನು ತಾವೇ ಅಭ್ಯಾಸ ಮಾಡಿ ವರದಿ ಬರೆಯುವಂತೆ ಮಾಡಿದುದು. ಅಲ್ಲಿ ಅರಿವು ಮೊದಲಾಗಿ ನಿರ್ಣಯ ಅದರ ಹಿಂದೆ ಬಂದಿತು.

ಅರಿವೂ ಇಲ್ಲದೆ ಮತವೂ ಇಲ್ಲದೆ ನಿರ್ಣಯದ ಭಾರವನ್ನು ಮಾತ್ರ ಹೊತ್ತವರ ಕಥೆಗೆ ಹಡಪಸರದಿಂದ ದೂರ ಹೋಗಬೇಕಾಗಿಲ್ಲ. ಸಮೀಪದ ಉರುಳಿ ದೇವಾಚಿ ಮತ್ತು ಫುರಸುಂಗಿ ಗ್ರಾಮಗಳ ಪರಿಸರದಲ್ಲಿ 1980ರ ದಶಕದಿಂದ ಪುಣೆಯ ಕಸವನ್ನು ಸುರಿಯಲಾಯಿತು. ಬಾವಿಗಳ ನೀರು ಕೆಟ್ಟಿತು. ದುರ್ಗಂಧವೂ ಹೊಗೆಯೂ ಮನೆಗಳನ್ನು ಹೊಕ್ಕವು. ಕಸವನ್ನು ಎಲ್ಲಿ ಸುರಿಯಬೇಕೆಂದು ನಿರ್ಧರಿಸಿದ ಪಾಲಿಕೆಯ ಸೀಮೆಯ ಹೊರಗೆ ಈ ಗ್ರಾಮಗಳಿದ್ದುದರಿಂದ ಅಲ್ಲಿಯವರು ಆ ಪಾಲಿಕೆಯ ಮತದಾರರಾಗಿರಲಿಲ್ಲ. ಸಭೆಯಲ್ಲಿ ಸ್ಥಾನವಿಲ್ಲದವರಿಗೆ ಉಳಿದುದು ರಸ್ತೆಯೊಂದೇ. ಕಸದ ಲಾರಿಗಳನ್ನು ಅವರು ಮತ್ತೆ ಮತ್ತೆ ತಡೆದರು. 2017ರಲ್ಲಿ ಪಾಲಿಕೆಗೆ ಸೇರಿಸಲಾದ 11 ಗ್ರಾಮಗಳಲ್ಲಿ ಇವೆರಡೂ ಇದ್ದವು. ಆದರೆ ತೆರಿಗೆ ಏರಿತೇ ಹೊರತು ಸೌಕರ್ಯಗಳು ಅದಕ್ಕೆ ತಕ್ಕಂತೆ ಬರಲಿಲ್ಲವೆಂಬ ಅಸಮಾಧಾನವು ಬೆಳೆದು, ಕೊನೆಗೆ 2024ರಲ್ಲಿ ರಾಜ್ಯ ಸರಕಾರವು ಇವುಗಳನ್ನು ಪಾಲಿಕೆಯಿಂದ ಬೇರ್ಪಡಿಸಿ ಪ್ರತ್ಯೇಕ ನಗರಪರಿಷತ್ತಿಗೆ ಒಳಪಡಿಸಿತು. ಸೀಮಾರೇಖೆಯ ಹೊರಗಿಟ್ಟರೂ ಒಳಗಿಟ್ಟರೂ, ನಿರ್ಣಯಕ್ಕೆ ಮುನ್ನ ಕೇಳದಿದ್ದರೆ ಜನರು ನಿರ್ಣಯದ ತರುವಾಯ ಮಾತನಾಡಿಯೇ ತೀರುತ್ತಾರೆ. ಆಗಿನ ಮಾತು ಕಠಿನವಾಗಿರುತ್ತದೆ.

ಮುಂಚಿತವಾಗಿ ತಿಳಿಸುವುದು ಅಧಿಕಾರಿಗಳ ಔದಾರ್ಯದ ಮಾತಲ್ಲ, ಅವರ ಕರ್ತವ್ಯ. 2005ರ ಮಾಹಿತಿ ಹಕ್ಕಿನ ಕಾಯಿದೆಯ 4ನೆಯ ಪ್ರಕರಣವು, ಜನರಿಗೆ ತಟ್ಟುವ ಮಹತ್ವದ ಧೋರಣೆಗಳನ್ನು ರೂಪಿಸುವಾಗ ಅಥವಾ ನಿರ್ಣಯಗಳನ್ನು ಸಾರುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು, ಯಾರೂ ಕೇಳದಿದ್ದರೂ, ಪ್ರಕಟಿಸಬೇಕೆಂದು ವಿಧಿಸಿದೆ. 2022ರ ಮಾರ್ಚಿಯಿಂದ 2026ರ ಜನವರಿಯ ಚುನಾವಣೆಯವರೆಗೆ ಪುಣೆಯ ಪಾಲಿಕೆಯಲ್ಲಿ ಚುನಾಯಿತ ಸದಸ್ಯರೇ ಇಲ್ಲದೆ ಆಡಳಿತವು ಅಧಿಕಾರಿಗಳ ಕೈಯಲ್ಲಿದ್ದಾಗ ಈ ಕರ್ತವ್ಯದ ಬೆಲೆ ಇಮ್ಮಡಿಯಾಯಿತು. ಕೇಳಲು ನಗರಸೇವಕನಿಲ್ಲದ ಕಾಲದಲ್ಲಿ, ತಿಳಿದ ಪೌರನಿಗೆ ಮಾತ್ರ ಕಚೇರಿಯ ಬಾಗಿಲು ತೆರೆದಂತೆ.

ಪರನಾಡಿನಲ್ಲಿ ನೆಲಸಿದ ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಹೊಣೆಯೊಂದಿದೆ. ಪಾಲಿಕೆಯ ಪ್ರಕಟಣೆಗಳು ಮರಾಠಿಯಲ್ಲಿ ಬರುವುದು ಸಹಜವೂ ಉಚಿತವೂ ಆಗಿದೆ. ಓದಬಲ್ಲವನು ಅದನ್ನು ಓದಿ ಸುಮ್ಮನಿದ್ದರೆ, ಕಟ್ಟಡದ ಕೆಲಸಕ್ಕೆ ಬಂದ ನೆರೆಯ ಕನ್ನಡಿಗನಿಗೆ ಆ ಪ್ರಕಟಣೆ ಹುಟ್ಟಲೇ ಇಲ್ಲ. ಕ್ಷೇತ್ರೀಯ ಕಚೇರಿ ಯಾವುದು, ಸೂಚನೆಯ ಕೊನೆಯ ದಿನ ಯಾವುದು, ವೆಚ್ಚದ ಮಿತಿ ಎಷ್ಟು, ಕೊಟ್ಟ ಸೂಚನೆ ಏನಾಯಿತು ಎಂಬ ನಾಲ್ಕು ಸಂಗತಿಗಳನ್ನು ವರ್ಷಕ್ಕೊಮ್ಮೆ, ಮಳೆಗಾಲದಲ್ಲಿ, ಹತ್ತು ಮಂದಿಯನ್ನು ಕೂಡಿಸಿ ವಿವರಿಸಿದರೆ ಸಾಕು. ನೆರೆಯ ಮರಾಠಿ ಬಂಧುಗಳನ್ನೂ ಕರೆದುಕೊಂಡರೆ ಒಬ್ಬಂಟಿಯ ಕಾಗದವು ಬೀದಿಯ ಬೇಡಿಕೆಯಾಗುತ್ತದೆ. ನಗರಕ್ಕೆ ಬರುವಾಗ ಹಿಂದುಳಿದ ಸಭೆಯು ಆ ಮಟ್ಟಿಗೆ ಮರಳಿ ದೊರೆಯುತ್ತದೆ.