ದಾಸೋಹದ ತೋಟವೂ ಹಾಜರಿ ಪುಸ್ತಕವೂ

ದಾಸೋಹವೆಂದರೆ ಪಂಕ್ತಿಯಲ್ಲಿ ಬಡಿಸುವ ಅನ್ನವಷ್ಟೇ ಎಂದು ನಮ್ಮಲ್ಲಿ ಅನೇಕರು ತಿಳಿದಿರುತ್ತಾರೆ. ಆ ಅನ್ನದ ಮಗ್ಗುಲಿಗೆ ಬೀಳುವ ಒಂದು ಸೌಟು ಪಲ್ಯ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ನಾವೂ ಕೇಳಿದವರಲ್ಲ. ಕೇಳುವಂತೆ ಮಾಡಿದ್ದು 2023ರ ಬರಗಾಲ. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ಆ ವರ್ಷ, ಮಲಪ್ರಭೆಯ ಸೀಮೆಯ ನಮ್ಮೂರ ಮಠದಲ್ಲಿ ಜೋಳಕ್ಕೆ ಕೊರತೆಯಾಗಲಿಲ್ಲ. ಹಿಂದಿನ ಸುಗ್ಗಿಯ ಕಾಳು ಕಣಜದಲ್ಲಿತ್ತು. ಆದರೆ ಕಾಯಿಪಲ್ಲೆಯನ್ನು ಕಣಜದಲ್ಲಿ ಕೂಡಿಡಲು ಬರುವುದಿಲ್ಲವಲ್ಲ. ಸಂತೆಯ ದರ ಕೇಳಿ ಬರಿಗೈಲಿ ಮರಳಿದ ವಾರಗಳುಂಟು. ತಿಂಗಳುಗಟ್ಟಲೆ ಬೇಳೆಸಾರಿನಲ್ಲೇ ಪಂಕ್ತಿ ನಡೆಯಿತು.

2024ರಲ್ಲಿ ಮೃಗಶಿರಾ ಮಳೆ ಹದವಾಗಿ ಬಿತ್ತು. ಮಠದ ಹಿಂದೆ ಜಾಲಿಕಂಟಿ ಬೆಳೆದು ಬೀಳುಬಿದ್ದಿದ್ದ ಹತ್ತು ಗುಂಟೆ ನೆಲವನ್ನು ಹಸನು ಮಾಡಲು ಮೂವತ್ತಕ್ಕೂ ಹೆಚ್ಚು ಜನ ಬಂದರು. ಕೂಲಿಯಿಲ್ಲ, ಬೆಳೆದದ್ದರಲ್ಲಿ ಒಂದು ಕಾಯಿಯೂ ಮನೆಗಿಲ್ಲ, ಎಲ್ಲವೂ ದಾಸೋಹಕ್ಕೆ ಎಂಬುದೇ ಕಟ್ಟಳೆ. ನಮ್ಮದು ಎರೆಭೂಮಿ. ಮಳೆ ಹೆಚ್ಚಾದರೆ ನೀರು ನಿಂತು ಬೇರು ಕೊಳೆಯುತ್ತದೆ. ಆದ್ದರಿಂದ ಬೋದು ಏರಿಸಿಯೇ ಬಿತ್ತಬೇಕೆಂದು ಹಿರಿಯರು ಪಟ್ಟುಹಿಡಿದರು. ಬದನೆ, ಚವಳಿಕಾಯಿ, ಹೀರೆ, ಹನ್ನೆರಡು ಸಾಲು ಬೆಂಡೆ, ಅಂಚಿಗೆ ಪುಂಡಿ. ಬದನೆಯ ಬೀಜ ಮಾತ್ರ ಅಂಗಡಿಯದಲ್ಲ. ಊರ ಕೆಳಗಿನ ಓಣಿಯ ಒಬ್ಬ ತಾಯಿ ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಿಟ್ಟಿದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದುಕೊಟ್ಟರು. ಅವರು ಕೂಲಿಯಿಂದ ಬದುಕುವವರು.

ಬಿತ್ತುವ ದಿನ ಜಾತ್ರೆಯಂತಿತ್ತು. ಬಿತ್ತುವ ದಿನ ಯಾವಾಗಲೂ ಹಾಗೆಯೇ. ಸದಿ ತೆಗೆಯುವ ದಿನ ಬರಲಿ, ಆಗ ನೋಡಬೇಕು. ಆರಿದ್ರಾ, ಪುನರ್ವಸು ಎರಡೂ ಬಿಡದೆ ಸುರಿದವು. ಪಲ್ಲೆಗಿಂತ ಮೊದಲು ಕಸ ಎದ್ದಿತು. ಅದೇ ಹೊತ್ತಿಗೆ ಎಲ್ಲರ ಹೊಲದಲ್ಲೂ ಹೆಸರು, ಗೋವಿನಜೋಳಕ್ಕೆ ಎಡೆ ಹೊಡೆಯುವ ತರಾತುರಿ. ಮೂವತ್ತು ಮಂದಿ ಏಳಕ್ಕೆ ಇಳಿದರು. ನಮಗೆ ಸಿಟ್ಟು ಬಂತು. ಹಾಜರಿ ಪುಸ್ತಕವೊಂದನ್ನು ಹೊಲಿಸಿದೆವು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ತೋಟದ ಸೇವೆ, ಆಮೇಲೆ ಬಾಗಿಲಿಗೆ ಬೀಗ. ಸೋಮವಾರದ ಪ್ರವಚನ ಮುಗಿದ ಮೇಲೆ ಬಾರದವರ ಹೆಸರುಗಳನ್ನು ಸಭೆಯಲ್ಲಿ ಓದಿದೆವು. ಮೂರು ವಾರ ಓದಿದ ಹೆಸರುಗಳಲ್ಲಿ ಬದನೆಯ ಬೀಜ ಕೊಟ್ಟ ಆ ತಾಯಿಯದೂ ಒಂದು.

ಮೂರನೆಯ ಸೋಮವಾರ ನಡೆದದ್ದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಪ್ರವಚನ ಎಂಬುದನ್ನು ಇಲ್ಲಿ ಹೇಳದಿದ್ದರೆ ನಮ್ಮ ತಪ್ಪನ್ನು ಮುಚ್ಚಿಟ್ಟಂತಾಗುತ್ತದೆ. ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತ ಗಂಡನಿಗೆ, ಕಾಯಕ ತಪ್ಪುತ್ತಿದೆ, ಮೊದಲು ಅದಕ್ಕೆ ನಡೆ ಎಂದು ಎಚ್ಚರಿಸಿದವಳು ಲಕ್ಕಮ್ಮ. ಆ ಕಥೆಗೆ ತಲೆದೂಗಿದ ನಾವೇ ಅರ್ಧ ಗಂಟೆಯೊಳಗೆ, ಕಾಯಕ ತಪ್ಪಿಸದೆ ದುಡಿದವಳ ಹೆಸರನ್ನು ಸಭೆಯಲ್ಲಿ ಓದಿದ್ದೆವು. ಆ ಹೊತ್ತಿಗೆ ಅದು ಹೊಳೆಯಲಿಲ್ಲ.

ಹೊಳೆದದ್ದು ಬೆಂಡೆಗೆ ಹಳದಿ ನಂಜು ತಗುಲಿದಾಗ. ಎಲೆಯ ನರಗಳು ಮೊದಲು ಹಳದಿಯಾಗುತ್ತವೆ, ಬಳಿಕ ಎಲೆಯೆಲ್ಲ, ಕಡೆಗೆ ಕಾಯಿಯೂ ಬಿಳಿಚಿ ಸೊಟ್ಟಗಾಗುತ್ತದೆ. ಇದಕ್ಕೆ ಔಷಧವಿಲ್ಲ. ಬಿಳಿ ನೊಣ ರೋಗದ ಗಿಡದ ರಸ ಹೀರಿ ಒಳ್ಳೆಯ ಗಿಡಕ್ಕೆ ನಂಜು ದಾಟಿಸುತ್ತದೆ. ಆದ್ದರಿಂದ ಕಂಡ ಕೂಡಲೇ ಗಿಡ ಕಿತ್ತು ಸುಡಬೇಕು. ಕೀಳಲು ನಮಗೆ ಕೈ ಬರಲಿಲ್ಲ. ಕಾಯಿ ಬಿಡುವ ಗಿಡ ಕಿತ್ತರೆ ಪಾಪವೆಂದು ಕೆಲವರು, ನಾಲ್ಕು ದಿನ ನೋಡೋಣವೆಂದು ಕೆಲವರು. ಎಂಟು ದಿನ ಕಳೆಯಿತು. ಹನ್ನೆರಡು ಸಾಲಿನಲ್ಲಿ ಉಳಿದವು ಐದು. ಸಾಲುಸಾಲಾಗಿ ನೋಡಿ ಕೀಳುವಷ್ಟು ಕೈಗಳೂ ಇರಲಿಲ್ಲ.

ಆ ಸಂಜೆ ನಾವು ನಾಲ್ವರು ಕೆಳಗಿನ ಓಣಿಗೆ ಹೋದೆವು. ಆ ತಾಯಿ ಆಗಷ್ಟೇ ಕೂಲಿಯಿಂದ ಬಂದು ಒಲೆ ಹಚ್ಚುತ್ತಿದ್ದರು. ಬೈಯಲಿಲ್ಲ, ಅಳಲೂ ಇಲ್ಲ. "ಅಣ್ಣಾರ, ಕೂಲಿ ಬಿಟ್ಟು ನಿಮ್ಮ ತೋಟಕ್ಕ ಬಂದ್ರ ಅವತ್ತು ನನ್ನ ಮಕ್ಕಳು ಮಠದ ಪಂಕ್ತಿಗೆ ಬಂದು ಕುಂದ್ರಬೇಕಾಗ್ತೈತ್ರಿ. ಸಂಜೀಕ ಎರಡು ಸಲ ಬಂದಿದ್ದೆ. ಬಾಗ್ಲಕ್ಕ ಬೀಗ ಇತ್ತು" ಎಂದರು. ನಾವು ಏನು ಹೇಳಬೇಕಿತ್ತೋ ತಿಳಿಯಲಿಲ್ಲ. ತಪ್ಪಾಯಿತು ತಾಯಿ ಎಂದಷ್ಟೇ ಹೇಳಿ ಕುಳಿತೆವು. ಅವರು ಚಹಾ ಕೊಟ್ಟರು.

ದಾಸೋಹಕ್ಕೆ ಕೊಡುವುದು ಕಾಯಕದ ಫಲದಿಂದ ಉಳಿದದ್ದನ್ನು. ಹೊಲವಿದ್ದವನಿಗೆ ಮೂರು ತಾಸು ಉಳಿಯಬಹುದು, ದಿನಗೂಲಿಯವಳಿಗೆ ಉಳಿಯುವುದು ದೀಪ ಹಚ್ಚುವ ಮೊದಲಿನ ಅರ್ಧ ತಾಸು. ಇಬ್ಬರನ್ನೂ ಒಂದೇ ಪುಸ್ತಕದಲ್ಲಿ ಅಳೆದದ್ದು ನಮ್ಮ ದೋಷ. ಕಾಯಕವೆಂಬ ದೊಡ್ಡ ಮಾತನ್ನು ಪುಕ್ಕಟೆ ದುಡಿಮೆಗೆ ಕರೆಯಲು ಬಳಸುವವರು ಈಗೀಗ ಬಹಳ. ಅವರ ಸಾಲಿನಲ್ಲಿ ನಾವೂ ನಿಂತಿದ್ದೆವು.

ಮಾರನೆಯ ಸೋಮವಾರ ಅದೇ ಸಭೆಯಲ್ಲಿ ಕ್ಷಮೆ ಕೇಳಿದೆವು, ಬೀಗ ತೆಗೆದೆವು. ಸಂಜೆಗೆ ಕೂಲಿಯಿಂದ ಬರುವ ಹೆಣ್ಣುಮಕ್ಕಳು ಹತ್ತು ಹನ್ನೆರಡು ಜನ ದಾರಿಯಲ್ಲೇ ಒಳಬಂದು ಒಂದೊಂದು ಸಾಲು ನೋಡಿ ಹೋಗತೊಡಗಿದರು. ಬಾಡಿದ ಬದನೆಯ ಕುಡಿಯಲ್ಲಿ ಕೊರಕ ಹುಳು ಇರುತ್ತದೆಂದು, ಅದನ್ನು ಚಿವುಟಿ ಸುಡಬೇಕೆಂದು ನಮಗೆ ತೋರಿಸಿಕೊಟ್ಟವರು ಅವರೇ. ಹತ್ತು ಲೀಟರ್ ನೀರಿಗೆ ಅರ್ಧ ಕಿಲೋ ಬೇವಿನ ಬೀಜದ ಪುಡಿ ಕಟ್ಟಿ ರಾತ್ರಿ ನೆನೆಸಿ, ಸೋಸಿ ಸಿಂಪಡಿಸಿದೆವು.

ಶ್ರಾವಣದ ಸೋಮವಾರಗಳಲ್ಲಿ ಪಂಕ್ತಿಗೆ ಬೆಂಡೆ ಸಾಲಲಿಲ್ಲ, ಚವಳಿಕಾಯಿ ಸಾಲಿತು. ಕಡೆಯ ಸೋಮವಾರ ಎಣ್ಣೆಗಾಯಿ ಮಾಡುವಷ್ಟು ಬದನೆ ಬಂತು. ಆ ತಾಯಿ ಬಡಿಸಲು ನಿಂತಿದ್ದರು. ಒಳ್ಳೆಯ ಗಿಡ ನಾಲ್ಕಕ್ಕೆ ದಾರ ಕಟ್ಟಿ ಕಾಯಿ ಹಣ್ಣಾಗಲು ಬಿಟ್ಟಿದ್ದೆವು. ಅದರ ಬೀಜ ತಿರುಗಿ ಅವರ ಗಡಿಗೆಗೇ ಹೋಯಿತು. ಹಾಜರಿ ಪುಸ್ತಕದ ಉಳಿದ ಹಾಳೆಗಳಲ್ಲಿ ಯಾವ ಮಳೆ ಎಂದು ಬಿತ್ತು, ಯಾವ ಸಾಲಿಗೆ ಏನು ಹಾಕಿದೆವು ಎಂಬುದನ್ನು ಬರೆಯುತ್ತ ಬಂದೆವು.