ತರಗು ತಳ್ಳುವ ಗಾಳಿ

ಪುಷ್ಯ ಮಾಸದ ಜಾತ್ರೆ ಮುಗಿದು ಬಿಸಿಲು ಏರತೊಡಗಿದಂತೆ, ಕಪಿಲಾ ನದಿಯ ದಂಡೆಯ ಸುತ್ತೂರಿನಲ್ಲಿಯೂ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಇತರ ಊರುಗಳಲ್ಲಿಯೂ ಬೇವು, ಹೊಂಗೆ, ಅರಳಿ, ತೇಗದ ಮರಗಳು ಎಲೆ ಉದುರಿಸಲಾರಂಭಿಸುತ್ತವೆ. ನೆಲದ ತೇವ ಕುಗ್ಗುತ್ತಿರುವಾಗ ಎಲೆಗಳ ಮೂಲಕ ಆವಿಯಾಗಿ ಹೋಗುವ ನೀರನ್ನು ಉಳಿಸಿಕೊಳ್ಳಲು ಮರ ಕಂಡುಕೊಂಡ ಉಪಾಯವಿದು. ತೊಟ್ಟಿನ ಬುಡದಲ್ಲಿರುವ ಜೀವಕೋಶಗಳ ತೆಳುವಾದ ಸಾಲು, ಅಂದರೆ ಉದುರುಪದರ, ಎಥಿಲೀನ್ ಎಂಬ ಅನಿಲರೂಪದ ಹಾರ್ಮೋನಿನ ಪ್ರಭಾವದಿಂದ ಸಡಿಲಗೊಂಡು ಎಲೆ ಕಳಚಿಕೊಳ್ಳುತ್ತದೆ. ಅದಕ್ಕೂ ಮೊದಲೇ ಎಲೆಯಲ್ಲಿದ್ದ ಸಾರಜನಕ, ರಂಜಕಗಳ ದೊಡ್ಡ ಪಾಲನ್ನು ಮರ ಹಿಂದಕ್ಕೆ ಎಳೆದುಕೊಂಡಿರುತ್ತದೆ. ಹೀಗಾಗಿ ಅಂಗಳಕ್ಕೆ ಬೀಳುವ ತರಗು ಹಗುರವಾದ, ಒಣಗಿದ, ಇಂಗಾಲವೇ ಪ್ರಧಾನವಾದ ವಸ್ತು. ಅದನ್ನು ಗುಡಿಸಲು ಯಾವ ಸಾಧನ ಬೇಕು ಎಂಬುದನ್ನೂ ಗುಡಿಸಿದ ಮೇಲೆ ಅದು ಎಲ್ಲಿಗೆ ಸೇರಬೇಕು ಎಂಬುದನ್ನೂ ಈ ಮೂರು ಗುಣಗಳೇ ತೀರ್ಮಾನಿಸುತ್ತವೆ.

ತೆಂಗಿನ ಗರಿಯ ಕಡ್ಡಿಗಳನ್ನು ಕಟ್ಟಿ ಮಾಡಿದ ಬರಲು ಈ ಕೆಲಸದ ಹಳೆಯ ಸಾಧನವಾದರೆ, ಈಚಿನ ವರ್ಷಗಳಲ್ಲಿ ತೋಟದ ಮನೆ, ಶಾಲೆ, ಕಲ್ಯಾಣಮಂಟಪಗಳ ಆವರಣಗಳಿಗೆ ಬ್ಲೋವರ್ ಎಂದು ಕರೆಯುವ ಊದುಯಂತ್ರವೂ ಬಂದಿದೆ. ಯಂತ್ರ ಹೊಸದಾದರೂ ಅದರ ತತ್ತ್ವ ಕಣದಲ್ಲಿ ರಾಶಿ ತೂರುವವರಿಗೆ ತಿಳಿದದ್ದೇ ಆಗಿದೆ. ಮೊರದಿಂದ ಸುರಿದ ಭತ್ತದ ಕಾಳು ನೇರವಾಗಿ ಕೆಳಗೆ ಬೀಳುವಾಗ ಜೊಳ್ಳು ಮತ್ತು ಹೊಟ್ಟು ದೂರಕ್ಕೆ ಹಾರಿಹೋಗುವುದಕ್ಕೆ ಕಾರಣ, ತೂಕಕ್ಕೆ ಹೋಲಿಸಿದರೆ ಜೊಳ್ಳು ಗಾಳಿಗೆ ಒಡ್ಡುವ ಮೈ ದೊಡ್ಡದು. ಒಣ ಎಲೆಯೂ ಜೊಳ್ಳಿನ ಜಾತಿಗೆ ಸೇರಿದ್ದು. ಜಲ್ಲಿ, ಹೊಂಗೆಕಾಯಿ, ಒಣಗಿದ ಕೊಂಬೆಗಳು ಕಾಳಿನ ಜಾತಿಗೆ ಸೇರಿದವು. ಆದ್ದರಿಂದ ಗಾಳಿ ಬೀಸಿದ ಮರುದಿನ ಅಂಗಳದಲ್ಲಿ ಮುರಿದು ಬಿದ್ದಿರುವ ರೆಂಬೆಗಳನ್ನಾಗಲಿ ತೆಂಗಿನ ಗರಿ, ಮಟ್ಟೆಗಳನ್ನಾಗಲಿ ಬ್ಲೋವರ್ ಸರಿಸೀತೆಂದು ನಿರೀಕ್ಷಿಸುವುದು ಸಲ್ಲದು; ಅವನ್ನು ಮೊದಲು ಕೈಯಿಂದ ಎತ್ತಿಹಾಕಿದ ಮೇಲಷ್ಟೇ ಯಂತ್ರದ ಸರದಿ.

ಯಂತ್ರದ ಒಳಗಿರುವುದು ಒಂದು ಮೋಟಾರು ಅಥವಾ ಎಂಜಿನ್, ಅದು ತಿರುಗಿಸುವ ಒಂದು ಫ್ಯಾನು, ಗಾಳಿಯನ್ನು ಹೊರಕ್ಕೆ ಒಯ್ಯುವ ಒಂದು ಕೊಳವೆ, ಇಷ್ಟೇ. ಫ್ಯಾನಿನಲ್ಲಿ ಎರಡು ಬಗೆಗಳಿವೆ. ಕುಲುಮೆಯಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರವನ್ನು ಬಿಚ್ಚಿದರೆ ಕಾಣುವುದು ಮೊದಲನೆಯ ಬಗೆ: ನಡುವಿನಿಂದ ಒಳಬಂದ ಗಾಳಿಯನ್ನು ರೆಕ್ಕೆಗಳು ಅಂಚಿನ ಕಡೆಗೆ ಎಸೆಯುತ್ತವೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿ ಅಗಲವಾಗುತ್ತ ಹೋಗುವ ಕವಚ ಆ ಗಾಳಿಯನ್ನು ಒಟ್ಟುಗೂಡಿಸಿ ಒಂದೇ ಬಾಯಿಂದ ಹೊರಬಿಡುತ್ತದೆ. ಇದನ್ನು ಕೇಂದ್ರಾಪಗಾಮಿ ಫ್ಯಾನು ಎನ್ನುತ್ತಾರೆ. ಕಿರಿದಾದ ಬಾಯಿಂದ ಗಾಳಿಯನ್ನು ರಭಸವಾಗಿ ನೂಕಬಲ್ಲ ಒತ್ತಡ ಇದಕ್ಕಿದೆ. ಎರಡನೆಯದು ಅಕ್ಷೀಯ ಫ್ಯಾನು, ಅಂದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನಂತೆ ಗಾಳಿಯನ್ನು ಹಿಂದಿನಿಂದ ಎಳೆದು ನೇರವಾಗಿ ಮುಂದಕ್ಕೆ ತಳ್ಳುವಂಥದು. ಇದರ ಒತ್ತಡ ಕಡಿಮೆ, ಆದರೆ ಸಾಗಿಸುವ ಗಾಳಿಯ ಪ್ರಮಾಣ ಹೆಚ್ಚು. ಬ್ಯಾಟರಿಯ ಹಲವು ಬ್ಲೋವರುಗಳಲ್ಲಿ ಈಗ ಇರುವುದು ಈ ಎರಡನೆಯ ಬಗೆ.

ಕೊಳ್ಳುವವರನ್ನು ದಾರಿತಪ್ಪಿಸುವುದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುವ ವೇಗದ ಅಂಕಿ. ಗಂಟೆಗೆ 320 ಕಿಲೋಮೀಟರ್ ಎಂದು ಬರೆದಿರುವ ಯಂತ್ರ 160 ಎಂದು ಬರೆದಿರುವುದಕ್ಕಿಂತ ಇಮ್ಮಡಿ ಸಮರ್ಥವೆಂದು ಯಾರಿಗಾದರೂ ಅನಿಸುವುದು ಸಹಜ. ಆದರೆ ಎಲೆಯನ್ನು ಸರಿಸುವುದು ಬರಿಯ ವೇಗವಲ್ಲ, ನೂಕುಬಲ. ಪ್ರತಿ ಸೆಕೆಂಡಿಗೆ ಹೊರಬೀಳುವ ಗಾಳಿಯ ತೂಕವನ್ನು ಅದರ ವೇಗದಿಂದ ಗುಣಿಸಿದಾಗ ದೊರೆಯುವ ಈ ಮೊತ್ತವನ್ನು ನ್ಯೂಟನ್ ಎಂಬ ಮಾನದಲ್ಲಿ ಹೇಳುತ್ತಾರೆ. ನಿಮಿಷಕ್ಕೆ 14 ಘನ ಮೀಟರ್ ಗಾಳಿಯನ್ನು, ಅಂದರೆ ಪೆಟ್ಟಿಗೆಗಳ ಭಾಷೆಯಲ್ಲಿ ಸುಮಾರು 500 ಸಿಎಫ್‌ಎಂ ಗಾಳಿಯನ್ನು, ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಊದುವ ಅಗಲ ಬಾಯಿಯ ಯಂತ್ರವೊಂದನ್ನು ಊಹಿಸಿಕೊಂಡರೆ, ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋಗ್ರಾಂ ತೂಗುವುದರಿಂದ, ಅದರ ನೂಕುಬಲ ಹತ್ತಿರಹತ್ತಿರ 12.6 ನ್ಯೂಟನ್ ಆಗುತ್ತದೆ. ನಿಮಿಷಕ್ಕೆ 8.5 ಘನ ಮೀಟರ್ ಗಾಳಿಯನ್ನು ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಊದುವ ಕಿರುಬಾಯಿಯ ಯಂತ್ರದ ನೂಕುಬಲ ಸುಮಾರು 15.3 ನ್ಯೂಟನ್. ವೇಗ ಇಮ್ಮಡಿಯಾದರೂ ಬಲ ಹೆಚ್ಚಿದ್ದು ಐದರಲ್ಲಿ ಒಂದು ಪಾಲು ಮಾತ್ರ. ಅದಕ್ಕಾಗಿ ಗಾಳಿಗೆ ಕೊಡಬೇಕಾದ ಶಕ್ತಿಯಾದರೋ ಸುಮಾರು 280 ವಾಟ್‌ನಿಂದ 690 ವಾಟ್‌ಗೆ, ಎಂದರೆ ಎರಡೂವರೆ ಪಟ್ಟಿನ ಸಮೀಪಕ್ಕೆ ಏರಿತು.

ಗಾಳಿ ಬಾಯಿಯನ್ನು ಬಿಟ್ಟ ಮೇಲೆ ವೇಗದ ಅಂತರವೂ ಕಿರಿದಾಗುತ್ತದೆ. ಕೊಳವೆಯಿಂದ ಹೊರಬಂದ ಗಾಳಿಯ ಧಾರೆ ಬಾಯಿಯ ವ್ಯಾಸದ ಐದಾರು ಪಟ್ಟು ದೂರದವರೆಗೆ ತನ್ನ ವೇಗವನ್ನು ಕಾಯ್ದುಕೊಂಡು, ಆಮೇಲೆ ಸುತ್ತಲಿನ ನಿಶ್ಚಲ ಗಾಳಿಯನ್ನೂ ಎಳೆದುಕೊಳ್ಳುತ್ತ ಅಗಲವಾಗುತ್ತದೆ, ದೂರ ಹೆಚ್ಚಿದಷ್ಟೂ ನಿಧಾನವಾಗುತ್ತದೆ. ಮೇಲೆ ಹೇಳಿದ ಮೊದಲ ಯಂತ್ರದ ಬಾಯಿ ಸುಮಾರು 8 ಸೆಂಟಿಮೀಟರ್, ಎರಡನೆಯದರದು ಸುಮಾರು 4.5 ಸೆಂಟಿಮೀಟರ್ ಅಗಲವಿರಬೇಕಾಗುತ್ತದೆ. ಹೀಗಾಗಿ ಮೊದಲಿನದರ ರಭಸ ಅರ್ಧ ಮೀಟರಿನವರೆಗೆ ಉಳಿದರೆ ಎರಡನೆಯದರದು ಗೇಣುದ್ದ ದಾಟುತ್ತಲೇ ಕುಸಿಯತೊಡಗುತ್ತದೆ. ಎರಡು ಮೀಟರ್ ದೂರದಲ್ಲಿ ಧಾರೆಯ ನಡುವಿನ ವೇಗವನ್ನು ಲೆಕ್ಕಹಾಕಿದರೆ ಒಂದರದು ಗಂಟೆಗೆ 39, ಇನ್ನೊಂದರದು 44 ಕಿಲೋಮೀಟರಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಪೆಟ್ಟಿಗೆಯ ಮೇಲಿನ 160 ಮತ್ತು 320ರ ನಡುವಿನ ಭಾರೀ ಅಂತರ ಎಲೆಯನ್ನು ಮುಟ್ಟುವ ಹೊತ್ತಿಗೆ ಇಷ್ಟೇ ಆಗಿರುತ್ತದೆ.

ನೂಕುಬಲವನ್ನು ಪೆಟ್ಟಿಗೆಯ ಮೇಲೆ ಬರೆದಿರದಿದ್ದರೂ ಅದನ್ನು ಅಳೆಯುವುದು ಕಷ್ಟವಲ್ಲ. ಭತ್ತದ ಮೂಟೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಯಂತ್ರವನ್ನು ಹಿಡಿದು ನಿಂತು, ಬಾಯಿಯನ್ನು ನೆಟ್ಟಗೆ ಆಕಾಶಕ್ಕೆ ಮಾಡಿ ಪೂರ್ತಿ ವೇಗದಲ್ಲಿ ಚಾಲೂ ಮಾಡಿದರೆ, ಮೇಲಕ್ಕೆ ನೂಕಲ್ಪಟ್ಟ ಗಾಳಿ ಅಷ್ಟೇ ಬಲದಿಂದ ಯಂತ್ರವನ್ನು ಕೆಳಕ್ಕೆ ಒತ್ತುವುದರಿಂದ ತಕ್ಕಡಿಯ ಅಂಕಿ ಏರುತ್ತದೆ. ಏರಿದ್ದು 1 ಕಿಲೋಗ್ರಾಂ ಆದರೆ ನೂಕುಬಲ ಸುಮಾರು 10 ನ್ಯೂಟನ್. ಹಾರ್ಡ್‌ವೇರ್ ಅಂಗಡಿಗಳಲ್ಲಿ ಅಗ್ಗಕ್ಕೆ ದೊರೆಯುವ, ಮುಖ್ಯವಾಗಿ ಕಂಪ್ಯೂಟರ್ ಮತ್ತು ಮೋಟಾರುಗಳ ಧೂಳು ಊದುವುದಕ್ಕೆಂದು ಮಾಡಿದ 500-600 ವಾಟ್‌ಗಳ ಪುಟ್ಟ ಬ್ಲೋವರುಗಳು ನಿಮಿಷಕ್ಕೆ 3 ಘನ ಮೀಟರಿನಷ್ಟು ಗಾಳಿಯನ್ನು ಮಾತ್ರ ಸಾಗಿಸುವುದರಿಂದ ಈ ಪರೀಕ್ಷೆಯಲ್ಲಿ ಅರ್ಧ ಕಿಲೋಗ್ರಾಮಿನ ಆಚೀಚೆ ಉಳಿಯುತ್ತವೆ. ಜಗಲಿ ಮತ್ತು ಮೆಟ್ಟಿಲುಗಳಿಗೆ ಅವು ಸಾಕು, ಅಂಗಳಕ್ಕೆ ಸಾಲವು.

ಎಲೆಯ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ನೆಲದ ಮೇಲೆ ಬೀಸುವ ಯಾವುದೇ ಗಾಳಿಯ ವೇಗ ನೆಲವನ್ನು ಮುಟ್ಟುವಲ್ಲಿ ಸೊನ್ನೆಯಾಗಿದ್ದು, ಮೇಲೇರಿದಂತೆ ಹೆಚ್ಚುತ್ತದೆ; ನೆಲಕ್ಕಂಟಿಕೊಂಡ ಈ ಮಂದ ಪದರವನ್ನು ಗಡಿಪದರ ಎನ್ನುತ್ತಾರೆ. ತೇಗದ ಎಲೆ ಒಣಗಿ ದೊನ್ನೆಯಂತೆ ಮುದುರಿಕೊಂಡು ಗಡಿಪದರದಿಂದ ಮೇಲೆ ಚಾಚಿರುವುದರಿಂದ ಸಣ್ಣ ಗಾಳಿಗೂ ಉರುಳುತ್ತದೆ. ಹುಣಸೆಯ ಎಲೆಯಾದರೋ ಪುಟ್ಟ ಚಪ್ಪಟೆ ಚೂರು; ಅದು ಆ ಮಂದ ಪದರದೊಳಗೇ ಅಡಗಿ, ಒರಟು ಸಿಮೆಂಟಿನ ಗುಂಡಿಗಳಲ್ಲಿ ಕುಳಿತುಬಿಡುತ್ತದೆ. ಹುಣಸೆ, ಬೇವುಗಳಂಥ ಸಣ್ಣ ಎಲೆಗಳಿಗೆ ಕಿರುಬಾಯಿಯನ್ನು ನೆಲಕ್ಕೆ ಓರೆಯಾಗಿ, ಗೇಣಿನಷ್ಟು ಹತ್ತಿರ ಹಿಡಿದಾಗ ಸಿಗುವ ಹೆಚ್ಚಿನ ವೇಗ ಉಪಯೋಗಕ್ಕೆ ಬರುತ್ತದೆ. ತೇಗ, ಮಾವು, ಅರಳಿಯ ರಾಶಿಯನ್ನು ಸಾಗಿಸಲು ಅಗಲ ಬಾಯಿಯೇ ಮೇಲು. ಕಪಿಲೆಯ ಬಯಲಿನಲ್ಲಿ ಮಾಘದ ಬೆಳಗಿನ ಇಬ್ಬನಿ ಎಲೆಯ ಅಡಿ ಒಂದು ತೆಳು ನೀರಿನ ಪೊರೆಯಾಗಿ ನಿಂತು ಅದನ್ನು ನೆಲಕ್ಕೆ ಅಂಟಿಸುವುದರಿಂದ, ಬರಲಿನ ಕೆಲಸ ನಸುಕಿನಲ್ಲಿ ನಡೆದರೂ ಬ್ಲೋವರಿನ ಕೆಲಸ ಹತ್ತು ಗಂಟೆಯ ಬಿಸಿಲಿಗೆ ಕಾಯುವುದು ಒಳ್ಳೆಯದು.

ಶಕ್ತಿಮೂಲದ ಆಯ್ಕೆ ಅಂಗಳದ ಅಳತೆಯನ್ನು ಅವಲಂಬಿಸಿದೆ. ತಂತಿಯ ಯಂತ್ರ ಹಗುರ, ಅಗ್ಗ, ಅರ್ಧ ಗಂಟೆ ನಡೆದರೂ 600 ವಾಟ್‌ನ ಲೆಕ್ಕದಲ್ಲಿ 0.3 ಯೂನಿಟ್ ವಿದ್ಯುತ್ತನ್ನಷ್ಟೇ ಬಳಸುತ್ತದೆ. ಆದರೆ ಅದು ತಂತಿಯುದ್ದಕ್ಕೆ ಕಟ್ಟುಬಿದ್ದಿದ್ದು, ಕರೆಂಟು ಹೋದರೆ ನಿಲ್ಲುತ್ತದೆ. ಬ್ಯಾಟರಿಯಲ್ಲಿರುವ ಶಕ್ತಿಯನ್ನು ತಿಳಿಯಲು ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಬೇಕು: 40 ವೋಲ್ಟ್, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 160 ವಾಟ್-ಗಂಟೆ ಇರುವುದರಿಂದ, 500 ವಾಟ್ ಎಳೆಯುವ ಯಂತ್ರ ಪೂರ್ತಿ ವೇಗದಲ್ಲಿ 20 ನಿಮಿಷಕ್ಕಿಂತ ಹೆಚ್ಚು ಓಡಲಾರದು. ಐದಾರು ಮರಗಳಿರುವ, ಕಾಂಕ್ರೀಟ್ ಹಾಕಿದ ಅಂಗಳದ ತೋಟದ ಮನೆಗೆ 10ರಿಂದ 12 ನ್ಯೂಟನ್‌ನ ಇಂಥ ಯಂತ್ರ ಹೊಂದುತ್ತದೆ. ಬೆನ್ನಿಗೆ ಹೊರುವ ಪೆಟ್ರೋಲ್ ಯಂತ್ರ ಶಾಲೆಯ ಮೈದಾನ, ದೊಡ್ಡ ತೋಪುಗಳಿಗೆ ತಕ್ಕದ್ದು. ಅದು ಬೆಳೆಗೆ ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರಿನ ನೇರ ಸಂತತಿಯಾಗಿದ್ದು, ಒಡಿಶಾದ ಅರಣ್ಯ ಇಲಾಖೆ ಕಾಳ್ಗಿಚ್ಚಿನ ಮುಂದೆ ನೆಲದ ತರಗನ್ನು ಸರಿಸಿ ಬೆಂಕಿಗೆ ದಾರಿ ತಪ್ಪಿಸಲು ಬಳಸುವುದೂ ಇಂಥದನ್ನೇ. ಮನೆಯಲ್ಲಿ ಈಗಾಗಲೇ ಸ್ಪ್ರೇಯರ್ ಇರುವವರು ಅದರ ಗಾಳಿಯನ್ನೇ ಎಲೆಗೆ ಬಳಸಬಯಸಿದರೆ, ಕೊಳವೆಯಲ್ಲಿ ಉಳಿದ ಕೀಟನಾಶಕ ಅಂಗಳಕ್ಕೆಲ್ಲ ಹರಡುವ ಅಪಾಯವನ್ನು ಮರೆಯಬಾರದು.

ಪೆಟ್ರೋಲ್ ಯಂತ್ರಗಳ ಬಹುಪಾಲು ಟೂ-ಸ್ಟ್ರೋಕ್ ಎಂಜಿನ್ನಿನವು. ಅವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಬೇಕಾಗುತ್ತದೆ, ತಯಾರಕರು 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್; ಮೇಲಾಗಿ, ಸುಟ್ಟ ಹೊಗೆ ಹೊರಹೋಗುವ ಮತ್ತು ಹೊಸ ಇಂಧನ ಒಳಬರುವ ಕಿಂಡಿಗಳು ಏಕಕಾಲಕ್ಕೆ ತೆರೆದಿರುವುದರಿಂದ ಇಂಧನದ ಒಂದು ಭಾಗ ಉರಿಯದೆಯೇ ಹೊರಹೋಗುತ್ತದೆ. ಹೊಗೆಯ ಜೊತೆಗೆ ಸದ್ದೂ ಇದೆ; ಸದ್ದಿನ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಪಟ್ಟಣ 1975ರಷ್ಟು ಹಿಂದೆಯೇ ಬ್ಲೋವರನ್ನು ನಿಷೇಧಿಸಿತು. ವಾಷಿಂಗ್ಟನ್ ನಗರದಲ್ಲಿ ಪೆಟ್ರೋಲ್ ಬ್ಲೋವರುಗಳ ಮೇಲಿನ ನಿಷೇಧ 2022ರ ಜನವರಿಯಿಂದ ಜಾರಿಯಲ್ಲಿದೆ. ಭಾರತದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿವೆ. 16 ಮೀಟರ್ ದೂರಕ್ಕೆ 70 ಡೆಸಿಬೆಲ್ ಕೇಳಿಸುವ ಯಂತ್ರದ ಸದ್ದು, ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿದರೂ, 64 ಮೀಟರಿನಾಚೆಯ ಮನೆಯನ್ನು 58 ಡೆಸಿಬೆಲ್‌ನಲ್ಲಿ ತಲುಪುತ್ತದೆ. ಹಿಡಿದವರ ಕಿವಿಯ ಬಳಿ ಅದು ಇನ್ನೂ ಬಹಳ ಜೋರಾಗಿರುವುದರಿಂದ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಕಡ್ಡಾಯವೆನ್ನಬೇಕು.

ನೆಲದ ಬಗೆಯನ್ನೂ ನೋಡಬೇಕು. ಸೆಗಣಿ ಸಾರಿಸಿದ ಅಂಗಳಕ್ಕೆ ಬ್ಲೋವರ್ ಹಿಡಿದರೆ ಒಣಗಿದ ಸಾರಣೆಯ ಅಂಚು ಹಕ್ಕಳೆಯಂತೆ ಎದ್ದು, ಕೆಮ್ಮಣ್ಣಿನ ಧೂಳು ನೆರೆಯವರು ಒಣಗಲು ಹಾಕಿದ ಬಟ್ಟೆ, ಹಪ್ಪಳಗಳ ಮೇಲೆ ಕೂರುತ್ತದೆ. ಬರಲಿನ ಕಡ್ಡಿಗಳಾದರೋ ಎಲೆಯನ್ನು ಸಾರಣೆಯ ಮೇಲೆಯೇ ಜಾರಿಸಿಕೊಂಡು ಹೋಗುತ್ತವೆ. ಅಂಥ ನೆಲಕ್ಕೂ, ಒಂದೆರಡು ಮರಗಳಷ್ಟೇ ಇರುವ ಮೂವತ್ತು-ನಲವತ್ತರ ನಿವೇಶನಕ್ಕೂ ಬ್ಲೋವರ್ ಬೇಡ.

ಉಳಿಯುವುದು ತರಗಿನ ಗತಿಯ ಪ್ರಶ್ನೆ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸವನ್ನು ಬೀದಿಗೆ, ಚರಂಡಿಗೆ, ನೀರಿನ ಸೆಲೆಗೆ ಎಸೆಯುವುದನ್ನೂ ಬೀದಿಯಲ್ಲಿ ಸುಡುವುದನ್ನೂ ಕೂಡದೆಂದಿವೆ. ಬ್ಲೋವರ್ ಹಿಡಿದ ಕೈ ಎಲೆಯನ್ನು ಬೇಲಿಯಾಚೆಗೆ ದಾಟಿಸುವುದೂ ಇದೇ ತಪ್ಪಿನ ಯಾಂತ್ರಿಕ ರೂಪ. ಒಣ ಎಲೆಯಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ ಸಾಮಾನ್ಯವಾಗಿ 40ರಿಂದ 80 ಪಾಲು ಇದ್ದು, ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹಿಡಿಸುವುದು 25ರಿಂದ 30 ಪಾಲು ಆದ್ದರಿಂದ, ಬರಿಯ ತರಗಿನ ರಾಶಿ ವರ್ಷವಾದರೂ ಹಾಗೆಯೇ ಇರುತ್ತದೆ. ನಡುನಡುವೆ ಸೆಗಣಿ ಮತ್ತು ಹಸಿಸೊಪ್ಪಿನ ಪದರ ಹಾಕಿ ನೀರು ಚಿಮುಕಿಸಿದರೆ ಕೆಲವು ತಿಂಗಳುಗಳಲ್ಲಿ ಗೊಬ್ಬರವಾಗುತ್ತದೆ. ಎಲೆಯನ್ನು ಹೀರಿ ಚೂರುಮಾಡಿ ಚೀಲಕ್ಕೆ ತುಂಬುವ ಬ್ಲೋವರುಗಳೂ ಇವೆ; ಚೂರಾದ ಎಲೆ ಸೂಕ್ಷ್ಮಜೀವಿಗಳಿಗೆ ಹೆಚ್ಚು ಮೈ ಒಡ್ಡುವುದರಿಂದ ಬೇಗ ಕೊಳೆಯುತ್ತದೆ, ಆದರೆ ಜಲ್ಲಿಯ ತುಣುಕೊಂದು ಒಳಸೇರಿದರೆ ಪ್ಲಾಸ್ಟಿಕ್ಕಿನ ರೆಕ್ಕೆ ಮುರಿಯುತ್ತದೆ. ಗುಂಡಿ ತೋಡಲು ಜಾಗವಿಲ್ಲದವರು ತರಗನ್ನು ತೆಂಗಿನ ಪಾತಿಗೆ ಹೊದಿಕೆಯಾಗಿ ಹರಡಬಹುದು. ಎಲೆ ಉದುರಿಸಿ ಮರ ಉಳಿಸಿಕೊಂಡಂತೆಯೇ, ಆ ಹೊದಿಕೆ ಬೇಸಿಗೆಯ ಬಿಸಿಲಿಗೆ ಆವಿಯಾಗಿ ಹೋಗುವ ನೀರನ್ನು ನೆಲದಲ್ಲಿ ಉಳಿಸುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಹೆಜ್ಜೆಯಿಟ್ಟು ಅಳೆಯಬೇಕಾದದ್ದು ಮರದ ಬುಡದಿಂದ ಗೊಬ್ಬರದ ಗುಂಡಿಯವರೆಗಿನ ದೂರವನ್ನು. ಅದು ಹತ್ತು ಹೆಜ್ಜೆಯಾದರೆ ಬರಲು ಸಾಕು; ನೂರು ಹೆಜ್ಜೆಯಾದರೆ ಎಷ್ಟು ನ್ಯೂಟನ್ ಎಂದು ಕೇಳುವುದಕ್ಕೆ ಅರ್ಥವಿದೆ.